ಹದಿಮೂರನೆಯ ವಿಭಕ್ತಿ

ರೀಗಾದಲ್ಲಿ ವಿಮಾನಕ್ಕೆ ಇನ್ನೂ ಆರು ಗಂಟೆ.
ಬೆಚ್ಚಗಿರಲೆಂದು ಕೋಟಿನ ಜೇಬಿಗೆ ಕೈ ಹಾಕಿದರೆ
ಬೆರಳಿಗೆ ಸಿಕ್ಕಿದ್ದು ದಾರ ಕಟ್ಟಿದ ಪ್ಲಾಸ್ಟಿಕ್ ಮುಳ್ಳುಹಂದಿ,
ಬೆಳಕು ಬಿದ್ದರೆ ಹೊಳೆಯುವ ಬಿಲ್ಲೆ.

ಸೆಪ್ಟೆಂಬರಿನಲ್ಲಿ ಇದನ್ನು ನನಗೆ ಚುಚ್ಚಿದವಳು ವಿರ್ವೆ,
ಮನೆಯೊಡತಿ, ದಿನಕ್ಕೆ ಎರಡೇ ವಾಕ್ಯ ಆಡುವವಳು.
ಅಂದಿನ ಮೊದಲನೆಯದು: ಇಲ್ಲಿ ಕತ್ತಲು ಬರುತ್ತದೆ.
ಎರಡನೆಯದು: ಕಾರಿನವರಿಗೆ ನೀನು ಕಾಣಬೇಕು.
ತಾರ್ತುವಿನಲ್ಲಿ ಆಗ ಬಿಸಿಲೋ ಬಿಸಿಲು. ನಕ್ಕುಬಿಟ್ಟೆ.
ನವೆಂಬರಿನ ಮಧ್ಯಾಹ್ನ ಮೂರೂವರೆಗೆ
ಊರಿಗೆ ಊರೇ ನಂದಿ
ಬೀದಿ ದಾಟುವ ಮುದುಕರು, ಮಕ್ಕಳು, ನಾಯಿಗಳು
ಮೊಣಕಾಲೆತ್ತರದಲ್ಲಿ ತೂಗುವ ಮಿಣುಕುಗಳಾದಾಗ
ಆ ನಗುವನ್ನು ವಾಪಸು ತೆಗೆದುಕೊಂಡೆ.

ನಾನು ಓದಲು ಹೋದದ್ದು ಜೌಗು ನೆಲವನ್ನು.
ಪ್ರೊಫೆಸರ್ ಹೆಲ್ಡುರ್ ಕಬ್ಬಿಣದ ಕೊಳವೆ ಇಳಿಸಿ
ಕಪ್ಪು ಮಣ್ಣಿನ ಕೋಲೊಂದನ್ನು ಎಳೆದು
ಬಾಣಂತಿ ಮಗು ಮಲಗಿಸುವಷ್ಟು ಜೋಪಾನವಾಗಿ ಮಲಗಿಸಿ ಹೇಳುತ್ತಿದ್ದರು:
ಇದು ವರ್ಷಕ್ಕೆ ಒಂದು ಮಿಲಿಮೀಟರ್ ಬೆಳೆಯುತ್ತದೆ,
ಆತುರವಿದ್ದವರು ಬೇರೆ ವಿಷಯ ತೆಗೆದುಕೊಳ್ಳಿ.
ಲೆಕ್ಕ ಹಾಕಿದೆ. ನನ್ನ ಸೆಮಿಸ್ಟರು
ಅರ್ಧ ಮಿಲಿಮೀಟರಿಗೂ ಕಡಿಮೆ.
ಅಷ್ಟರೊಳಗೆ ಏನೆಲ್ಲ ಕೊಳೆಯದೆ ಉಳಿದೀತು?

ರಾತ್ರಿ ಸೇತುವೆಯ ಕಮಾನಿನ ಮೇಲೆ ತಾಮ್ತಾ ನಡೆದೇಬಿಟ್ಟದ್ದು,
ಹಿಂದೆ ಹೊರಟ ನಾನು ಅರ್ಧಕ್ಕೆ ಕೂತು
ತೆವಳಿಕೊಂಡು ವಾಪಸು ಬಂದದ್ದು.
ಮಾರುಕಟ್ಟೆಯ ಕಂಚಿನ ಹಂದಿಯ ಮೂತಿ ಸವರಿ ಹೋದರೂ
ಅಂಕಿಅಂಶದ ಪರೀಕ್ಷೆಯಲ್ಲಿ ಡುಮ್ಕಿ ಹೊಡೆದದ್ದು.
ಕಾಮಾ ಎಂದು ವಿರ್ವೆ ಕೊಟ್ಟ ಲೋಟ ಬಾಯಿಗಿಟ್ಟು
ಹುರಿಹಿಟ್ಟು! ಮಜ್ಜಿಗೆಯಲ್ಲಿ ಕಲಸಿದ ಹುರಿಹಿಟ್ಟು! ಎಂದು
ಅವಳಿಗರ್ಥವಾಗದ ಭಾಷೆಯಲ್ಲಿ ಕೂಗಿದ್ದು.
ಅವಳು ಸಕ್ಕರೆ ಡಬ್ಬಿ ನನ್ನತ್ತ ಸರಿಸಿದಳು.

ಆಮೇಲೆ ಆ ಭಾಷೆ.
ಏಳು ವಿಭಕ್ತಿಯ ಬಾಯಿಪಾಠಕ್ಕೇ ಏಟು ತಿಂದವಳಿಗೆ
ಹದಿನಾಲ್ಕು.
ಮನೆಯೊಳಕ್ಕೆ ಒಂದು, ಮನೆಯೊಳಗೆ ಒಂದು,
ಮನೆಯೊಳಗಿಂದ ಇನ್ನೊಂದು.
ಬರುವುದಕ್ಕೂ ಇರುವುದಕ್ಕೂ ಹೊರಡುವುದಕ್ಕೂ
ಬೇರೆ ಬೇರೆ ಬಾಲ.
ಭವಿಷ್ಯತ್ಕಾಲ ಮಾತ್ರ ಇಲ್ಲವಂತೆ,
ನಾಳೆಗೂ ಇವತ್ತಿನದೇ ಕ್ರಿಯಾಪದ.
ಅದೊಂದು ಸಲೀಸಾಯಿತು. ದಿನಾ ಬರ್ತೀನಿ, ನಾಳೆ ಬರ್ತೀನಿ,
ನಾವೂ ಎರಡಕ್ಕೂ ಒಂದೇ ಅಂಗಿ ತೊಡಿಸುವವರೇ ತಾನೆ.

ಹದಿಮೂರನೆಯದು 'ಇಲ್ಲದೆ'.
ನಾಮಪದದ ಕೊನೆಗೊಂದು 'ತ' ಅಂಟಿಸಿದರೆ ಸಾಕು, ವಸ್ತು ಮಾಯ.
ಸುಹ್ಕ್ರುತ: ಸಕ್ಕರೆಯಿಲ್ಲದೆ.
ರಹತ: ದುಡ್ಡಿಲ್ಲದೆ.
(ನಮ್ಮ 'ರಹಿತ'ಕ್ಕೆ ಇಲ್ಲೊಬ್ಬಳು ಅನಾಮಿಕ ತಂಗಿ
ಎಂದು ನೋಟುಬುಕ್ಕಿನ ಅಂಚಿನಲ್ಲಿ ಬರೆದುಕೊಂಡೆ.)
ಡಿಸೆಂಬರಿನ ಕೊನೆಯ ತರಗತಿ ಅಲ್ಲಿಗೆ ಮುಗಿಯಿತು.
ಹದಿನಾಲ್ಕನೆಯದು ನೀವೇ ಓದಿಕೊಳ್ಳಿ ಎಂದು
ಟೀಚರು ಕೋಟು ತೊಟ್ಟರು.
ಓದಲಿಲ್ಲ. ಜನವರಿಯಿಡೀ
ಕಂಡದ್ದಕ್ಕೆಲ್ಲ 'ತ' ಅಂಟಿಸುತ್ತ ತಿರುಗಿದೆ,
ನದಿಗೆ, ಕಮಾನಿಗೆ, ಟಿಬಿಲಿಸಿಗೆ ಮರಳಿದ ತಾಮ್ತಾಳ ಖಾಲಿ ಮಂಚಕ್ಕೆ.

ಇವತ್ತು ಬೆಳಗಿನ ಐದಕ್ಕೆ ಬಸ್ ನಿಲ್ದಾಣ. ಮೈನಸ್ ಹದಿನೇಳು.
ವಿರ್ವೆ ನಾಯಿಯನ್ನೂ ಕರೆತಂದಿದ್ದಳು, ಹೆಸರು ಮುಕಿ,
ಅದರ ಕೊರಳಿಗೂ ಒಂದು ಬಿಲ್ಲೆ.
ರಾತ್ರಿಯೆಲ್ಲ ಉರು ಹೊಡೆದ ವಾಕ್ಯ ಒಪ್ಪಿಸಿದೆ:
ಇನ್ನು ನೀವು ನಾನಿಲ್ಲದೆ ಕಾಫಿ ಕುಡಿಯುತ್ತೀರಿ.
ವ್ಯಾಕರಣ ಸರಿಯಿತ್ತು.
ಆದರೂ ತಿದ್ದಿದಳು. ನಾಯಿಯತ್ತ ಗದ್ದ ಚಾಚಿ,
ಮುಕಿಗ, ಎಂದಳು.
ಮುಕಿಯ ಜೊತೆ.

ಎರಡನೆಯ ವಾಕ್ಯ ಬಸ್ಸಿನ ಬಾಗಿಲು ಮುಚ್ಚುವಾಗ ಬಂತು:
ನೀನು ಬರುತ್ತೀ.
ಹಾರೈಕೆಯೋ, ಅಪ್ಪಣೆಯೋ, ಯಾವ ನಾಳೆಗೆ ಸೇರಿದ್ದೋ,
ಕ್ರಿಯಾಪದ ಬಾಯಿಬಿಡಲಿಲ್ಲ.
ಬಸ್ಸು ತಿರುಗಿದಾಗ ದೀಪ ಅವರ ಮೇಲೆ ಹಾಯಿತು,
ಎರಡು ಚುಕ್ಕಿ, ಒಂದು ಮೇಲೆ ಒಂದು ಕೆಳಗೆ.

ಇಲ್ಲಿ ಎತ್ತ ನೋಡಿದರೂ ಟ್ಯೂಬ್‌ಲೈಟು,
ಮುಳ್ಳುಹಂದಿಗೆ ಕೆಲಸವೇ ಇಲ್ಲ.
ಇರಲಿ ಎಂದು ಜೇಬಿನ ಹೊರಗೆ ಇಳಿಬಿಟ್ಟು
ಕೌಂಟರಿಗೆ ಹೋಗಿ ಕಾಫಿ ಕೇಳಿದೆ. ಸುಹ್ಕ್ರುಗ, ಎಂದೆ.
ಲಾಟ್ವಿಯಾದ ಹುಡುಗಿ. ಅವಳಿಗರ್ಥವಾಗಲಿಲ್ಲ.