ಹದಿನಾಲ್ಕನೇ ನಂಬರಿನ ಸಾಲು

ರಾತ್ರಿ ಹನ್ನೊಂದೂವರೆಗೆ ಬಂತು ಹಾಳೆ, ಫೋನಿನೊಳಗೆ.
ಎರಡು ದೇಶ, ಇಪ್ಪತ್ತನಾಲ್ಕು ಹೆಸರು,
ಇರುವೆ ಹರಿದಂತೆ ಅಂಕಿ.
ಬೆರಳಲ್ಲಿ ಹಿಗ್ಗಿಸಿ ಹಿಗ್ಗಿಸಿ ಹುಡುಕಿದೆ:
ಹದಿನಾಲ್ಕು. ಭೈರವಿ ಕೆ. ಸಿ.

ಆಡಿದ್ದು ಹನ್ನೊಂದು ನಿಮಿಷ ನಲವತ್ತೆರಡು ಸೆಕೆಂಡು.
ಪಾಯಿಂಟು ಎರಡು. ರೀಬೌಂಡು ಐದು. ಅಸಿಸ್ಟು ಒಂದು.
ಚೆಂಡು ಕಳಕೊಂಡದ್ದು ಮೂರು ಸಲ. ಫೌಲು ನಾಲ್ಕು.
ಕಟ್ಟಕಡೆಯ ಮನೆಯಲ್ಲಿ ಒಂದು ಅಡ್ಡಗೆರೆ,
ಗೆರೆಯ ಬೆನ್ನಿಗೆ ಹತ್ತೊಂಬತ್ತು.
ಅವಳು ಒಳಗಿದ್ದಷ್ಟು ಹೊತ್ತು
ದೇಶ ಹಿಂದೆ ಬಿದ್ದ ಲೆಕ್ಕ ಅದು.

ನಾನೂ ಈ ಲೆಕ್ಕದವಳೇ.
ಮಂಡ್ಯದ ಅಂಕಣದಲ್ಲಿ ಇಪ್ಪತ್ತೆರಡು ವರ್ಷ
ಅಲ್ಲಾಡುವ ಮೇಜಿನ ಕಾಲಿಗೆ ಹಂಚಿನ ಚೂರು ಕೊಟ್ಟು
ಒಂದು ಮೂರನೇ ಕ್ವಾರ್ಟರಿಗೆ ಕೆಂಪು ಪೆನ್ನು
ಎರಡು ನಾಲ್ಕಕ್ಕೆ ನೀಲಿ,
ಗಾಳಿಗೆ ಹಾಳೆ ಹಾರದಂತೆ ಮೊಣಕೈ.

ಅಪ್ಪ ಸಕ್ಕರೆ ಕಾರ್ಖಾನೆಯ ತೂಕದ ಮನೆಯಲ್ಲಿದ್ದ.
ಕಬ್ಬಿನ ಲಾರಿ ತುಂಬಿದಾಗೊಮ್ಮೆ, ಬರಿದಾದಾಗೊಮ್ಮೆ.
'ಡ್ರೈವರು ಬತ್ತಾ ಕುಂತಿದ್ರೆ ಹೋಗ್ತಾನೂ ಕುಂತಿರ್ಬೇಕು ಕನವ್ವ,
ಮಧ್ಯದಲ್ಲಿ ಇಳ್ದುಬುಟ್ರೆ
ಅವನ ಮೈಯೂ ಕಬ್ಬಾಗೋಯ್ತದೆ.'

ಈ ಹತ್ತೊಂಬತ್ತರಲ್ಲಿ
ಯಾರ್ಯಾರ ಮೈ ತೂಗಿದೆಯೋ.

ಹಾಳೆಯ ಕೆಳಗೊಂದು ಚಿತ್ರ,
ಎಸೆದ ಜಾಗಕ್ಕೊಂದು ಗುರುತು.
ನಾಲ್ಕು ಕತ್ತರಿ, ಒಂದು ಸೊನ್ನೆ, ಎಲ್ಲವೂ ಎಡಕ್ಕೆ.
ಬಲಮೂಲೆ ಬೋಳು.
ವಿವರಣೆ ಹೇಳುವಾತ ಅಂದನಂತೆ:
ಬಲಗೈ ಹುಡುಗಿ, ಬಲಕ್ಕೆ ಹೋಗಳು, ವಿಚಿತ್ರ.

ವಿಚಿತ್ರ ಏನಿಲ್ಲ ಕಣಪ್ಪ.
ಇಲ್ಲಿ ಎರಡು ಕಂಬ, ಒಂದರ ರಿಂಗು ಬಗ್ಗಿ ಕಾಲವಾಯಿತು,
ಇನ್ನೊಂದರ ಬಲಮೂಲೆಗೆ ಮಳೆಮರದ ಬೇರು ನುಗ್ಗಿ
ಸಿಮೆಂಟು ಎದ್ದಿದೆ, ನೀರಲ್ಲಿ ಮಲಗಿದ ಎಮ್ಮೆಬೆನ್ನಿನಂತೆ.
ಅಲ್ಲಿ ಪುಟಿಸಿದ ಚೆಂಡು ಕೈಗೆ ಬರುವುದಿಲ್ಲ,
ಮೋರಿಗೆ ಹೋಗುತ್ತದೆ.
ಒಂಬತ್ತು ವರ್ಷದ ಭೈರಿ ಅಲ್ಲೇ ಬಿದ್ದು
ಮುಂದಿನ ಹಲ್ಲಿನ ಅರ್ಧ ಬಿಟ್ಟು ಬಂದಳು.
ಅರ್ಧ ಸಿಕ್ಕಲಿಲ್ಲ, ಆಟ ಮುಗಿಸಿಯೇ ಹೋದಳು.

ವಿಡಿಯೋ ನೋಡಿದೆ, ಮೂರು ಸಲ.
ಮುಖ ಕಾಣುವಷ್ಟು ನುಣುಪಿನ ಮರದ ನೆಲ.
ಬಲಕ್ಕೆ ದಾರಿ ತೆರೆದಿತ್ತು, ಒಬ್ಬರೂ ಇರಲಿಲ್ಲ.
ಅವಳು ಅರೆಗಳಿಗೆ ತಡೆದಳು,
ಎಡವದ ಹಾಗೆ ಹೆಜ್ಜೆ ಎತ್ತಿ.
ಅಷ್ಟರಲ್ಲಿ ಚೆಂಡು ಅವರದಾಯಿತು.

ಸಮುದ್ರ ದಾಟಿ ಅಲ್ಲಿಗೂ ಹೋಗಿತ್ತು
ನಮ್ಮ ಬೇರು.

ಒಂದು ಗಂಟೆಗೆ ಅವಳದೇ ಫೋನು.
'ನೋಡುದ್ರಾ ಅಕ್ಕ?'
'ನೋಡ್ದೆ.'
'ಮೈನಸ್ಸು ಹತ್ತೊಂಬತ್ತು.'
'ಉಂಡಾ?'
'ಮೊಸರು ಸಿಕ್ತು.' ಆಮೇಲೆ ಸುಮ್ಮನಾದಳು.
ಹಿಂದೆ ಯಾರೋ ಐಸು ಒಡೆಯುವ ಸದ್ದು.
'ಅಕ್ಕ, ರೀಬೌಂಡು ಐದು ಅಂತ ಬರ್ದವ್ರೆ. ಆರು ಕನಕ್ಕ.
ಒಂದ ಬ್ಯಾರೇರ್ ಹೆಸ್ರಿಗೆ ಹಾಕವ್ರೆ.'

ಸೋತದ್ದಕ್ಕೆ ಅಳದವಳ ದನಿ ಅಲ್ಲಿ ಬಿರಿಯಿತು.
ನಾನೇನು ಹೇಳಲಿ.
ಎಷ್ಟು ಮಕ್ಕಳ ಆರನ್ನು ಐದು ಮಾಡಿದೆನೋ ನಾನೂ,
ಪೆನ್ನಿನ ಮುಚ್ಚಳ ಹುಡುಕುತ್ತ,
ಟೀ ತಂದ ಹುಡುಗನಿಗೆ ಚಿಲ್ಲರೆ ಎಣಿಸುತ್ತ.
'ಯಾವ ಕ್ವಾರ್ಟರು?' ಎಂದೆ.
'ಮೂರ್ನೇದು.'

ಬೆಳಿಗ್ಗೆ ಆರಕ್ಕೇ ಅಂಕಣಕ್ಕೆ ಹೋದೆ,
ಬೇರಿನ ಬಗ್ಗೆ ನಗರಸಭೆಗೆ ಅರ್ಜಿ ಬರೆಯಲೆಂದು.
ಚಿಕ್ಕವು ಆಗಲೇ ಆಡುತ್ತಿದ್ದವು,
ಉಬ್ಬನ್ನು ನೋಡದೆಯೇ ಬಳಸಿಕೊಂಡು,
ಮಲಗಿದ ನಾಯಿಯನ್ನು ಎಬ್ಬಿಸದವರ ಹಾಗೆ.
ಹಂಚಿನ ಚೂರು ಹುಡುಕಿ ಮೇಜಿನ ಕಾಲಿಗೆ ಕೊಟ್ಟೆ.
'ಮಾನ್ಯರೇ' ಎಂದು ಬರೆದು
ಪೆನ್ನು ಬದಲಿಸಿದೆ.
ಕೆಂಪಿನಲ್ಲಿ:
ಹದಿನಾಲ್ಕು, ರೀಬೌಂಡು, ಆರು.