ಅಂಗಿಯ ಗುಬ್ಬಿ

ಪೆರ್ಲದ ಆಸ್ಪತ್ರೆಯ ತಕ್ಕಡಿಯಲ್ಲಿ
ಮಿಸ್ರಿಯಾ, ಹನ್ನೊಂದು ಕಿಲೋ.
ಗೆಜ್ಜೆ, ಬಳೆ, ಹಠ ಕಳೆದು
ಮದ್ದಿನ ಲೆಕ್ಕಕ್ಕೆ ಹತ್ತೂವರೆ.

ಎಲ್ಲಿ ನೋವು ಮಗಾ?
ಕನ್ನಡದಲ್ಲಿ ಕೇಳಿದೆ, ತುಳುವಿನಲ್ಲಿ,
ನನ್ನ ಮುರುಕು ಮಲಯಾಳದಲ್ಲಿ.
ಬಾಗಿಲು ತೋರಿಸಿದಳು.

ಸ್ಟೆತಸ್ಕೋಪು ಮೊದಲು ಉಮ್ಮನ ಎದೆಗೆ,
ಆಮೇಲೆ ಅವಳ ಪುಟ್ಟ ಚಪ್ಪಲಿಗೆ.
ಚಪ್ಪಲಿಗೆ ಜ್ವರವಿಲ್ಲ ಅಂದೆ.
ನಗಲಿಲ್ಲ.

ದೊಡ್ಡವರ ಗುಳಿಗೆ ನಾಲ್ಕು ತುಂಡು ಮಾಡಿದರೆ
ಮಗುವಿನ ಮದ್ದಾಗುವುದಿಲ್ಲವೆಂದು
ಉಮ್ಮನಿಗೆ ಹೇಳುತ್ತಿದ್ದಂತೆ
ಹೆಗಲ ಮೇಲೆ ನಿದ್ದೆಹೋದಳು.

ಆಗ ಎಣಿಸಿದೆ, ಮುಟ್ಟದೆ,
ಅಂಗಿಯ ನಡುವಿನ ಗುಬ್ಬಿ
ಏರುವುದನ್ನು, ಇಳಿಯುವುದನ್ನು.
ಮೂವತ್ತಾರು, ಮೂವತ್ತೇಳು,
ಪುತ್ತೂರಿನ ಬಸ್ಸು ಹಾರ್ನ್ ಹೊಡೆಯಿತು.
ಮತ್ತೆ ಒಂದರಿಂದ.

ಐವತ್ತೆರಡು.
ಬಾಗಿಲು ಇವತ್ತಿಲ್ಲ, ಮಗಾ.