ಅಂಕ ಬರೆಯುವವಳು

ಗುತ್ತಲು ರಸ್ತೆಯಲ್ಲಿ ಮಹಡಿ ಮೇಲೆ ಕೇಬಲ್ ಆಫೀಸು,
ಕೆಳಗೆ ಮುಕ್ತಿಯಾರನ ಪಂಚರ್ ಅಂಗಡಿ.
ಚಲುವರಾಜು ಅಂದದ್ದು ಇಷ್ಟೇ:
'ಕ್ರಿಕೆಟ್ ತೋರ್ಸೋಕೆ ದಿಲ್ಲಿ ಐತೆ,
ನಮ್ ಕೀಲಾರದ ಕಬಡ್ಡಿ ಹುಡುಗ್ರನ್ನ ಯಾರು ತೋರ್ಸಾರು?'

ಒಂದೇ ಕ್ಯಾಮೆರಾ. ಅದೂ ಮದುವೆಯದು.
ಹಿಡಿದವನು ಹನ್ನೆರಡು ವರ್ಷ ಧಾರೆ ಹಿಡಿದವನು.
ಅಂಕಣದಲ್ಲಿ ಕಾಲು ಸಿಕ್ಕಿ ಹುಡುಗ ಗೆರೆಗೆ ಕೈ ಚಾಚುವಾಗ
ಅವನ ಕ್ಯಾಮೆರಾ ಮುಂದಿನ ಸಾಲಿನ
ಸೀರೆಯಂಚು ಸವರುತ್ತಿತ್ತು.
ಮನೆಮನೆಯಿಂದ ಫೋನು: 'ಮುಟ್ಟಿದ್ನಾ, ಇಲ್ವಾ?'

ಅದಕ್ಕೇ ನಾನು. ಪರದೆಯ ಬುಡದಲ್ಲಿ ಓಡುವ ಅಕ್ಷರ
ಆಗಲೂ ನನ್ನದೇ, ಜಾಹೀರಾತಿನ ನಡುವೆ ಅಂಕ ತುರುಕಿದೆ:
'ಸೀಮೆಹಸು ಮಾರಾಟಕ್ಕಿದೆ ಕೀಲಾರ ೧೭
ಬಾಡಿಗೆಗೆ ಎರಡು ಕೋಣೆ ಬಸರಾಳು ೧೬.'
ಹದಿನೇಳು ಸಾವಿರ ಎಣಿಸಿಕೊಂಡು
ಬೆಳಿಗ್ಗೆ ಒಬ್ಬ ಹಗ್ಗದ ಸಮೇತ ಬಂದ.

ಮೈಕಿನಲ್ಲಿ ಡ್ರಿಲ್ ಮೇಷ್ಟ್ರು ಸಿದ್ದಪ್ಪಾಜಿ.
'ಹೋದ ಹೋದ ಹೋದ... ಬುಟ್ಟುಬುಟ್ಟ!
ಪಾದ ಹಿಡೀಲಾ, ನಿಮ್ಮಪ್ಪನ್ ಪಾದ ಅನ್ಕೊಂಡು ಹಿಡೀಲಾ!'
ಕರೆಂಟು ಹೋದರೂ ಅವರು ನಿಲ್ಲಿಸುತ್ತಿರಲಿಲ್ಲ,
ಕತ್ತಲಿಗೇ ಆಟ ಹೇಳುತ್ತಿದ್ದರು.

ಆಮೇಲೆ ನಾಲ್ಕು ಕ್ಯಾಮೆರಾ. ಮಳವಳ್ಳಿಯ ವಾಲಿಬಾಲು,
ಪಾಂಡವಪುರದ ಕುಸ್ತಿ, ಬೆಲ್ಲದ ಮಂಡಿಯ ಜಾಹೀರಾತು,
ಸಿಮೆಂಟಿನವರು, ಆಮೇಲೆ ಉಪಗ್ರಹ,
ಆಮೇಲೆ ಹೈದರಾಬಾದಿನ ಕಂಪನಿ.
ಅಲ್ಲೆಲ್ಲೋ ತಂಪು ಕೋಣೆಯಲ್ಲಿ ಕೂತವನು
'ದಾಳಿಗಾರನು ಮಧ್ಯರೇಖೆಯನ್ನು ದಾಟಿರುತ್ತಾನೆ' ಎನ್ನುತ್ತಾನೆ.
ಮೇಷ್ಟ್ರು ಮನೆಯಲ್ಲಿ ಟೀವಿಯ ಬಾಯಿ ಮುಚ್ಚಿ
ತಾವೇ ಹೇಳಿಕೊಳ್ಳುತ್ತಾರಂತೆ.

ಅಂಕವೂ ಈಗ ತಾನಾಗಿ ಬೀಳುತ್ತದೆ,
ಬಣ್ಣ ಬಳಿದುಕೊಂಡು, ತಿರುಗಿಕೊಂಡು.
ಕುರ್ಚಿ ಬಿಡುವ ಮೊದಲಿನ ರಾತ್ರಿ ನನಗೆ ನೆನಪಾದದ್ದು
ನಾಗಮಂಗಲದ ಖೋಖೋ ಹುಡುಗಿಯರು.
ಗೆದ್ದಿದ್ದರು ಅವತ್ತು. ಕ್ಯಾಮೆರಾ ಕಳಿಸಿರಲಿಲ್ಲ,
'ಅಂಕ ಹಾಕು ಸಾಕು' ಅಂದಿದ್ದ ಚಲುವರಾಜು,
ಹಾಕಿದ್ದೆ, ಒಂದೇ ಸಲ, ಗೊಬ್ಬರದ ಅಂಗಡಿಯ ಪಕ್ಕ.

ಹಳೇ ನೋಟುಬುಕ್ಕು ತೆಗೆದೆ.
ಕಂಪನಿಯ ಪಂದ್ಯದ ಬುಡದಲ್ಲಿ, ಯಾರನ್ನೂ ಕೇಳದೆ,
ಒಂಬತ್ತು ಹೆಸರು ಓಡಿಸಿದೆ. ಅಂಕ ಇಲ್ಲ, ಊರಿಲ್ಲ,
ಬರೀ ಹೆಸರು.

ಬೈಗುಳ ಬರುತ್ತದೆಂದು ಕಾದೆ.
ಬಂದದ್ದು ಒಂದು ಫೋನು, ಮುದುಕಿಯ ದನಿ:
'ಐದ್ನೇದು ರೋಜಾ ಅಲ್ಲ ಕಣವ್ವ,
ರೋಜಾಮಣಿ. ಪೂರಾ ಬರಿ.'

ತಿದ್ದಿದೆ.
ಇನ್ನೊಂದು ಸಲ ಓಡಿಸಿದೆ, ಸ್ವಲ್ಪ ನಿಧಾನವಾಗಿ.